ಹಿತ್ತಿಲಲ್ಲಿ ಹಚ್ಚಿದ ಸ್ಟೋವು

ಶಂಕರಪುರದ ನಮ್ಮ ಮನೆಗೆ ಎರಡು ದಾರಿಗಳಿದ್ದವು. ಒಂದು ಮುಂಬಾಗಿಲು. ಇನ್ನೊಂದು ಕಾಂಪೌಂಡಿಗೂ ಮನೆಯ ಗೋಡೆಗೂ ನಡುವಿನ ಸಂದಿ. ಮೈಯನ್ನು ಸ್ವಲ್ಪ ಓರೆ ಮಾಡಿಕೊಂಡು ನಡೆದರೆ ಅದು ನೇರವಾಗಿ ಹಿತ್ತಿಲಿಗೆ ತಲುಪಿಸುತ್ತಿತ್ತು. ನನ್ನ ನಾದಿನಿ ಸಂಜೆ ಕೆಲಸದಿಂದ ಬರುವಾಗ ಆ ಸಂದಿಯಿಂದಲೇ ಬರುತ್ತಿದ್ದಳು. ಅವಳ ಕೈಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಕವರು ಇರುತ್ತಿತ್ತು, ಕವರಿನೊಳಗೆ ಕೋಳಿಯ ಲಿವರು, ಕತ್ತಿನ ತುಂಡು. ಅವಳು ಅದನ್ನು ಒಗೆಯುವ ಕಲ್ಲಿನ ಪಕ್ಕದ ಪಿಂಗಾಣಿ ತಟ್ಟೆಗೆ ಸುರಿದು, ತಟ್ಟೆ ಖಾಲಿಯಾಗುವವರೆಗೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದು, ಆಮೇಲೆ ಹಿತ್ತಿಲ ಬಚ್ಚಲಿನಲ್ಲಿ ಸ್ನಾನ ಮಾಡಿ ಒಳಗೆ ಬರುತ್ತಿದ್ದಳು. ಚಳಿಗಾಲದಲ್ಲೂ ಇದು ತಪ್ಪುತ್ತಿರಲಿಲ್ಲ.

ಮನೆಯಲ್ಲಿ ಯಾರೂ ಮಾಂಸ ತಿನ್ನುವವರಲ್ಲ. ಇದೆಲ್ಲ ಆಗುತ್ತಿದ್ದುದು ಒಂದು ಫೆರೆಟ್‌ಗಾಗಿ.

ಈಗಲೂ ಆ ಹೆಸರು ಹೇಳಿದರೆ ಹಾಗಂದರೇನು ಎಂದು ಕೇಳುವವರೇ ಹೆಚ್ಚು. ನೋಡಲು ಸಣ್ಣ ಮುಂಗುಸಿಯ ಹಾಗೆ. ಉದ್ದನೆಯ ಮೈ, ಗಿಡ್ಡ ಕಾಲು, ಕೆನೆಬಣ್ಣದ ಮುಖದಲ್ಲಿ ಕಣ್ಣಿನ ಸುತ್ತ ಕಂದು ಪಟ್ಟಿ. ನಾದಿನಿ ಚಿಕ್ಕಪೇಟೆಯ ಒಂದು ಸಗಟು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಡಿಯ ಮಾಲೀಕರು ಮಕ್ಕಳ ಹಟಕ್ಕೆ ಅದನ್ನು ಎಲ್ಲಿಂದಲೋ ಕೊಂಡು ತಂದಿದ್ದರಂತೆ. ಮಕ್ಕಳಿಗೆ ಬೇಸರವಾದ ಮೇಲೆ ಇಲಿ ಹಿಡಿಯಲೆಂದು ಗೋಡೌನಿನಲ್ಲಿ ಬಿಟ್ಟರು. ಅದು ಒಂದು ಇಲಿಯನ್ನೂ ಹಿಡಿಯಲಿಲ್ಲ. ಸೀರೆಗಳ ಬೆಲೆಚೀಟಿಗಳನ್ನು ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕಿತು. ಎಲ್ಲಾದರೂ ಬಿಟ್ಟುಬನ್ನಿ ಎಂದು ಮಾಲೀಕರು ಹೇಳಿದ ದಿನ ನಾದಿನಿ ಅದನ್ನು ಸೀರೆಯ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಮನೆಗೆ ತಂದಳು.

ಆಗ ಅವಳು ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಯಾಕೆ ಬಂದಳು ಎಂಬುದು ಇಲ್ಲಿ ಬೇಡ. ಬಂದ ಮೇಲೆ ಅವಳು ಊಟದ ಹೊತ್ತಿಗೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಷ್ಟೇ. ಪೆಟ್ಟಿಗೆ ಬಂದ ಮೇಲೆ ಹಿತ್ತಿಲಿನಿಂದ ಅವಳ ದನಿ ಕೇಳಿಸತೊಡಗಿತು. ಯಾರನ್ನೋ ಗದರುವ ಹಾಗೆ, ಯಾರ ಹತ್ತಿರವೋ ಅಂಗಡಿಯ ಸುದ್ದಿ ಹೇಳುವ ಹಾಗೆ. ನನ್ನ ಅತ್ತೆ ಅಡಿಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಮಗಳು ಮನೆಗೆ ಬಂದ ಮೇಲೆ ಅತ್ತೆಯ ಮುಖದಲ್ಲಿ ಅಂಥ ಸಡಿಲಿಕೆಯನ್ನು ನಾನು ನೋಡಿದ್ದು ಅದೇ ಮೊದಲು. ಪ್ರಾಣಿಯನ್ನು ಇಟ್ಟುಕೊಳ್ಳಲು ಅತ್ತೆ ಒಪ್ಪಿದ್ದು ಈ ಕಾರಣಕ್ಕೆ ಎಂದು ನಾನು ತಿಳಿದುಕೊಂಡಿದ್ದೇನೆ. ಅವರು ಹಾಗೆಂದು ಹೇಳಲಿಲ್ಲ. ಅವರು ಹೇಳಿದ್ದು ಮೊಸರನ್ನ ಹಾಕು ಎಂದು. ಅವರ ಕಾಲದ ಬೆಕ್ಕುಗಳೆಲ್ಲ ಮೊಸರನ್ನ ತಿಂದೇ ಬದುಕಿದ್ದವಂತೆ. ಅದು ಮೊಸರನ್ನವನ್ನು ಮೂಸಿ, ತಟ್ಟೆಯನ್ನು ಮೂತಿಯಿಂದ ತಳ್ಳಿಕೊಂಡು ಹೋಗಿ ಚರಂಡಿಯ ಬಾಯಿಗೆ ಕೆಡವಿತು. ಮಾಂಸವಿಲ್ಲದೆ ಈ ಜಾತಿ ಬದುಕುವುದಿಲ್ಲ ಎಂದು ಪ್ರಾಣಿ ವೈದ್ಯರು ಹೇಳಿದ ಮೇಲೆ ಅತ್ತೆ ಒಂದು ದಿನ ಯೋಚಿಸಿ ಕಟ್ಟುಪಾಡುಗಳನ್ನು ಹೇಳಿದರು: ಮಾಂಸ ಹಿತ್ತಿಲ ಬಾಗಿಲು ದಾಟಬಾರದು, ಫ್ರಿಜ್ಜಿಗೆ ಹೋಗಬಾರದು, ಒಲೆಯ ಮೇಲೆ ಏರಬಾರದು.

ಹೀಗೆ ಅದು ಹಸಿ ಮಾಂಸ ತಿನ್ನುತ್ತ ನಮ್ಮೊಂದಿಗೆ ಸುಮಾರು ಎರಡು ವರ್ಷ ಇತ್ತು. ಹಿತ್ತಿಲ ಬಾಗಿಲು ತೆರೆದಿದ್ದರೆ ಒಳಗೂ ಬರುತ್ತಿತ್ತು. ಅದಕ್ಕೆ ಕದಿಯುವ ಚಟವಿತ್ತು. ಕಾಲುಚೀಲ, ಪೆನ್ನಿನ ಮುಚ್ಚಳ, ರಬ್ಬರು, ಸಿಕ್ಕಿದ್ದನ್ನು ಕಚ್ಚಿಕೊಂಡು ಓಡುತ್ತಿತ್ತು. ಎಲ್ಲಿ ಬಚ್ಚಿಡುತ್ತದೆ ಎಂದು ನಮಗೆ ಗೊತ್ತಾಗಲೇ ಇಲ್ಲ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಕೆಂಪು ಪೆನ್ನುಗಳಿಗೆಲ್ಲ ಮುಚ್ಚಳವಿಲ್ಲದೆ ಚೀಲದ ತಳ ಕೆಂಪಾಗಿತ್ತು. ಅತ್ತೆ ಆ ಪ್ರಾಣಿಯನ್ನು ಕಂಡರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಮುಟ್ಟುತ್ತಿರಲಿಲ್ಲ. ನಾವು ನೋಡಿದ ಮಟ್ಟಿಗೆ ಮುಟ್ಟುತ್ತಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯ ಮೊದಲಲ್ಲಿ, ಶಿವರಾತ್ರಿಗೆ ಸ್ವಲ್ಪ ಮುಂಚೆ, ಮಹಾರಾಷ್ಟ್ರದ ಕಡೆ ಕೋಳಿಗಳಿಗೆ ಹಕ್ಕಿಜ್ವರ ಬಂದಿದೆ ಎಂದು ಪತ್ರಿಕೆಗಳಲ್ಲಿ ಬಂತು. ಟಿವಿಯಲ್ಲಿ ಬಿಳಿ ನಿಲುವಂಗಿ ತೊಟ್ಟವರು ಕೋಳಿಗಳನ್ನು ಗೋಣಿಚೀಲಕ್ಕೆ ತುಂಬಿ ಗುಂಡಿಗೆ ಹಾಕುವುದನ್ನು ತೋರಿಸಿದರು. ಬೆಂಗಳೂರಿನಲ್ಲಿ ಅಂಥದ್ದೇನೂ ಇಲ್ಲ ಎಂದು ಹೇಳುತ್ತಿದ್ದರೂ ಕೋಳಿ ಅಂಗಡಿಗಳ ಮುಂದೆ ಜನವಿರಲಿಲ್ಲ. ನಾದಿನಿ ಮಾತ್ರ ಹೋಗುತ್ತಿದ್ದಳು. ಅಂಗಡಿಯವನು ಅವಳನ್ನು ಮೊದಲಿನಿಂದಲೂ ರೇಗಿಸುತ್ತಿದ್ದನಂತೆ: "ಪ್ರಾಣಿಗೆ ಅಂತ ಹೇಳಿ ತಗೊಂಡ್ಹೋಗೋರು ಬೇಕಾದಷ್ಟು ಜನ ಇದಾರೆ ಮೇಡಂ. ಪ್ರಾಣಿ ಎರಡು ಕಾಲಿಂದೋ ನಾಲ್ಕು ಕಾಲಿಂದೋ, ನಾನು ಕೇಳಲ್ಲ ಬಿಡಿ." ಆ ವಾರ ಅವನು ರೇಗಿಸಲಿಲ್ಲ. ಬಂದಿದ್ದಕ್ಕೆ ಥ್ಯಾಂಕ್ಸ್ ಎಂದನಂತೆ. ಅದನ್ನು ನನಗೆ ಹೇಳುವಾಗ ನಾದಿನಿಯ ಮುಖ ಸಣ್ಣದಾಗಿತ್ತು.

ಚೆನ್ನಾಗಿ ಬೇಯಿಸಿದ ಕೋಳಿಯಿಂದ ಅಪಾಯವಿಲ್ಲ ಎಂದು ಪತ್ರಿಕೆಯಲ್ಲಿ ದಿನವೂ ಬರೆಯುತ್ತಿದ್ದರು. ಆ ವಾಕ್ಯವನ್ನು ನಾನೂ ಓದಿದ್ದೆ, ಅತ್ತೆಯೂ ಓದಿದ್ದರು. ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ಹಸಿ ಕೋಳಿ ತಿಂದು ಈ ರೋಗ ಬಂದದ್ದುಂಟು ಎಂದು ಇನ್ನೊಂದು ಮೂಲೆಯಲ್ಲಿ ಸಣ್ಣದಾಗಿ ಬಂದಿತ್ತು. ನಾದಿನಿ ಅದನ್ನು ಎರಡು ಸಲ ಓದಿ, ಪತ್ರಿಕೆ ಮಡಿಸಿ, ಅಡಿಗೆಮನೆಗೆ ಬಂದಳು. ನಾನು ನೆಲದ ಮೇಲೆ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ.

"ಅಮ್ಮ, ಹಿತ್ಲಲ್ಲಿ ಒಂದು ಸ್ಟೋವ್ ಇಟ್ಕೋತೀನಿ. ಪಾತ್ರೆ ಬೇರೆ. ಒಳಗೆ ಏನೂ ತರಲ್ಲ."

ಅತ್ತೆ ಸಾರಿಗೆ ಒಗ್ಗರಣೆ ಹಾಕಿ, ಮುಚ್ಚಿ, ಆಮೇಲೆ ತಿರುಗಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ.

"ಹಸೀದು ಹಾಕಿದ್ರೆ ಅದು ಅದರ ಆಹಾರ. ದೇವರು ಅದಕ್ಕೆ ಕೊಟ್ಟಿದ್ದು. ನಾವು ಒಲೆ ಮೇಲಿಟ್ವಾ, ಅದು ಅಡಿಗೆ ಆಗೋಯ್ತು. ಆ ಅಡಿಗೆ ಈ ಮನೇಲಿ ಆಗೋದು ಬೇಡ."

ಈ ಮಾತು ನನಗೆ ಅರ್ಥವಾಗಿತ್ತು ಎಂಬುದನ್ನು ಹೇಳಬೇಕು. ಹೊರಗಿನವರಿಗೆ ಅದು ಹಟದಂತೆ ಕಾಣಬಹುದು. ಆದರೆ ಅತ್ತೆಯ ಲೆಕ್ಕದಲ್ಲಿ ಬೆಂಕಿ ಬಹಳ ದೊಡ್ಡದು. ಬೆಂಕಿ ಮುಟ್ಟಿದ ಮೇಲೆ ಅಕ್ಕಿ ಅನ್ನವಾಗುತ್ತದೆ, ಮುಸುರೆಯಾಗುತ್ತದೆ, ಅದನ್ನು ಮುಟ್ಟಿದ ಕೈ ತೊಳೆಯಬೇಕಾಗುತ್ತದೆ. ಹಸಿ ಅಕ್ಕಿಗೆ ಅದೇನೂ ಇಲ್ಲ. ಅದೇ ಲೆಕ್ಕವನ್ನು ಅವರು ಮಾಂಸಕ್ಕೂ ಹಾಕಿದ್ದರು. ಹಸಿಯಾಗಿರುವವರೆಗೆ ಅದು ಪ್ರಾಣಿಗೂ ದೇವರಿಗೂ ನಡುವಿನ ವ್ಯವಹಾರ. ಬೇಯಿಸಿದರೆ ನಮ್ಮ ಕೈ ಅದರಲ್ಲಿ ಸೇರಿತು. ನಾದಿನಿ ನನ್ನ ಕಡೆ ನೋಡಿದಳು. ನಾನು ನಾರು ತೆಗೆಯುತ್ತಲೇ ಇದ್ದೆ. ನನ್ನ ಗಂಡ ಎಂದಿನಂತೆ ಬ್ಯಾಂಕಿಗೆ ಹೊರಟಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ನಿಮ್ಮಲ್ಲೇ ಮಾತಾಡಿ ತೀರ್ಮಾನ ಮಾಡಿಕೊಳ್ಳಿ ಎಂದು ಹೋದರು.

ಅವಳು ಹೋಟೆಲಿನಿಂದ ಬೇಯಿಸಿದ ಕೋಳಿ ತಂದು ಮಸಾಲೆ ತೊಳೆದು ಹಾಕಿ ನೋಡಿದಳು. ಅದು ಮೂತಿ ಇಡಲಿಲ್ಲ. ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಬಚ್ಚಲಿನ ಗೀಸರಿನ ನೀರು ಎಷ್ಟು ಕಾಯುತ್ತದೋ ಅಷ್ಟು ಕಾಯಲು ಬಿಟ್ಟು, ಆ ನೀರನ್ನು ತಟ್ಟೆಯ ಮೇಲೆ ಸುರಿಯುತ್ತಿದ್ದಳು. ಬೆಂಕಿಯೂ ಅಲ್ಲ, ಹಸಿಯೂ ಅಲ್ಲ. ಮಾಂಸ ಹೊರಗೆ ಬೆಳ್ಳಗಾಗುತ್ತಿತ್ತು. ಫೆರೆಟ್ ಕಚ್ಚಿ ಎಳೆದಾಗ ಒಳಗೆ ಕೆಂಪಾಗಿಯೇ ಇರುತ್ತಿತ್ತು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದಾರೆ. ನಾನು ಅವರ ಹಿಂದೆ ನಿಂತು ನೋಡಿದ್ದೇನೆ.

ಗೋಡೆಯಾಚೆಯ ಮನೆಯಾಕೆ ಬಟ್ಟೆ ಒಣಗಿಸಲು ಬಂದಾಗಲೆಲ್ಲ ಏನಾದರೂ ಹೇಳದೆ ಹೋಗುತ್ತಿರಲಿಲ್ಲ. "ಏನ್ರೀ, ನಿಮ್ಮನೆ ಮುಂಗುಸಿಗೆ ಹಕ್ಕಿಜ್ವರ ಬರಲ್ವಂತಾ?" ಎಂದು ಒಂದು ದಿನ ನಕ್ಕರು. ಅತ್ತೆಯೂ ನಕ್ಕು, ಅದು ಶುದ್ಧ ಬಸವನಗುಡಿ ಮುಂಗುಸಿ, ಅಂಥದ್ದೆಲ್ಲ ಬರಲ್ಲ ಎಂದರು.

ಶಿವರಾತ್ರಿಯ ಜಾಗರಣೆಗೆ ದೇವಸ್ಥಾನಕ್ಕೆ ಹೋಗಿ ಬಂದ ಅತ್ತೆಗೆ ನೆಗಡಿ ಹಿಡಿದು ಜ್ವರ ಬಂತು. ಆ ವರ್ಷ ಬೀದಿಯಲ್ಲಿ ಬಹಳ ಜನಕ್ಕೆ ಹಾಗಾಗಿತ್ತು. ಹಗಲು ಮನೆಯಲ್ಲಿ ಅವರೊಬ್ಬರೇ. ನಾನು ಗಂಜಿ ಮಾಡಿಟ್ಟು ಶಾಲೆಗೆ ಹೋಗುತ್ತಿದ್ದೆ, ಬರುವಾಗ ಅವರು ಕಪ್ಪು ಶಾಲು ಹೊದ್ದು ಮಲಗಿರುತ್ತಿದ್ದರು. ಒಂದು ದಿನ ಶಾಲು ಕೊಡವಿ ಮಡಿಸುವಾಗ ಅದರ ಮೇಲೆ ಚಿಕ್ಕ ಚಿಕ್ಕ ಕೆನೆಬಣ್ಣದ ಕೂದಲು ಕಂಡೆ. ಬೆರಳಲ್ಲಿ ಹಿಡಿದು ನೋಡಿದೆ. ಏನೆಂದು ನನಗೆ ಗೊತ್ತಾಯಿತು. ಅತ್ತೆಯನ್ನು ನಾನು ಕೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ತಮ್ಮದೆನ್ನುವ ಒಂದು ಮಧ್ಯಾಹ್ನ ಇರುತ್ತದೆ, ಇರಲಿ ಎಂದುಕೊಂಡೆ.

ಅತ್ತೆಯ ಜ್ವರ ಇಳಿದ ವಾರದಲ್ಲೇ ಫೆರೆಟ್ ಸೀನಲು ಶುರುಮಾಡಿತು. ಸಣ್ಣ ಸೀನು, ಮನುಷ್ಯರ ಸೀನಿನ ಹಾಗೆಯೇ. ಮೊದಲು ನಗು ಬಂತು. ಎರಡು ದಿನಕ್ಕೆ ಮೂಗಿನಿಂದ ನೀರು ಇಳಿಯಿತು, ಕಣ್ಣು ಅಂಟಿಕೊಂಡಿತು, ಅದು ಪೆಟ್ಟಿಗೆ ಬಿಟ್ಟು ಏಳಲಿಲ್ಲ. ನಾದಿನಿ ಕೆಲಸಕ್ಕೆ ರಜೆ ಹಾಕಿದಳು. ನಾವಿಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೀರೆಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ವಿಶ್ವೇಶ್ವರಪುರದ ಕಡೆ ಇದ್ದ ಪ್ರಾಣಿ ವೈದ್ಯರ ಹತ್ತಿರ ಹೋದೆವು. ದಾರಿಯಲ್ಲಿ ಆಟೋದವನು ಪೆಟ್ಟಿಗೆಯಲ್ಲಿ ಏನೆಂದು ಕೇಳಿದಾಗ ನಾದಿನಿ ಸೀರೆ ಎಂದಳು.

ವೈದ್ಯರು ಅದರ ಜ್ವರ ನೋಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವರೂ ಮುಖಕ್ಕೆ ಮುಸುಕು ಕಟ್ಟಿಕೊಂಡರು. ಅದನ್ನು ಕಂಡು ನಾದಿನಿ ಮೇಜಿನ ಅಂಚು ಹಿಡಿದಳು. ಏನು ತಿನ್ನುತ್ತದೆ ಎಂದು ಕೇಳಿದರು. ಅವಳು ಹೇಳಿದಳು. ಬೇಯಿಸಿ ಹಾಕುತ್ತೀರಾ ಎಂದು ಕೇಳಿದರು. ಅವಳು ಬಿಸಿನೀರಿನ ವಿಷಯ ಹೇಳಿದಳು. ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಮನೆಯಲ್ಲಿ ಯಾರಿಗಾದರೂ ಜ್ವರ, ನೆಗಡಿ ಇತ್ತೇ ಎಂದು ಕೇಳಿದರು. ಈ ಪ್ರಾಣಿಗೆ ಮನುಷ್ಯರ ಫ್ಲೂ ಕೂಡ ಅಂಟುತ್ತದೆಯಂತೆ, ಬೆಕ್ಕುನಾಯಿಗಳಿಗಿಂತ ಬೇಗ.

"ಅಮ್ಮಂಗಿತ್ತು ಡಾಕ್ಟ್ರೇ. ಆದ್ರೆ ಅವರು ಇದನ್ನ ಮುಟ್ಟೋದೇ ಇಲ್ಲ," ಎಂದಳು ನಾದಿನಿ.

ನಾನು ಶಾಲಿನ ಮೇಲಿನ ಕೂದಲಿನ ಬಗ್ಗೆ ಯೋಚಿಸಿದೆ. ಅತ್ತೆ ಬಚ್ಚಿಟ್ಟುಕೊಂಡಿದ್ದನ್ನು ಪರರ ಮುಂದೆ ನಾನು ಬಿಚ್ಚಿಡುವುದು ಹೇಗೆ ಎಂದು ಹಿಂಜರಿಯುವಷ್ಟರಲ್ಲಿ ವೈದ್ಯರು ಮುಂದಿನ ಮಾತಿಗೆ ಹೋಗಿದ್ದರು. ಹಕ್ಕಿಜ್ವರ ಅಂತ ಹೇಳಲು ತಮ್ಮಿಂದ ಆಗುವುದಿಲ್ಲ, ಅಲ್ಲ ಅಂತಲೂ ಹೇಳಲು ಆಗುವುದಿಲ್ಲ. ಪರೀಕ್ಷೆಗೆ ಬೇರೆ ಊರಿಗೆ ಕಳಿಸಬೇಕು, ಕೋಳಿಗಳೇ ಸಾಯದ ಊರಿನಿಂದ ಇಂಥದ್ದೊಂದನ್ನು ಕಳಿಸಿದರೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂದರು. ಚರ್ಮದಡಿ ಸಲೈನಿನ ಸೂಜಿ ಹಾಕಿದರು. ಹಸಿಯದನ್ನು ಪೂರ್ತಿ ನಿಲ್ಲಿಸಿ, ಕೋಳಿಯನ್ನು ಕರಗುವ ಹಾಗೆ ಬೇಯಿಸಿ ಅದರ ತಿಳಿಯನ್ನು ಸಿರಿಂಜಿನಲ್ಲಿ ಕುಡಿಸಿ ಎಂದರು. ಕೈ ತೊಳೆಯಿರಿ, ನಿಮಗೆ ಯಾರಿಗಾದರೂ ಜ್ವರ ಬಂದರೆ ತಡಮಾಡಬೇಡಿ ಎಂದರು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ನಿಂತಿದ್ದರು. ನಾದಿನಿ ಸಂದಿಯಿಂದ ಹೋದಳು. ನಾನು ವೈದ್ಯರು ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ, ಅವರು ಕೇಳಿದ ಪ್ರಶ್ನೆಗಳನ್ನೂ ಹೇಳಿದೆ. ಮನುಷ್ಯರ ಜ್ವರದ ಮಾತು ಬಂದಾಗ ಅತ್ತೆ ಕಂಬಕ್ಕೆ ಕೈಯಿಟ್ಟರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಅವರು ಒಳಗೆ ಹೋಗಿ, ದೇವರ ಮನೆಯ ಬಾಗಿಲು ಎಳೆದು ಚಿಲಕ ಹಾಕಿ, ಅಟ್ಟದ ಮೇಲಿನ ಪಂಪು ಸ್ಟೋವು ಇಳಿಸಿಕೊಡು ಎಂದರು.

ಅದು ಹಿತ್ತಾಳೆಯ ಹಳೆಯ ಸೀಮೆಎಣ್ಣೆ ಸ್ಟೋವು. ಗೋಕುಲಾಷ್ಟಮಿಗೆ ಚಕ್ಕುಲಿ, ಕೋಡುಬಳೆ ಕರಿಯಲು ವರ್ಷಕ್ಕೊಮ್ಮೆ ಇಳಿಯುತ್ತಿತ್ತು. ಮಡಿಯ ಸ್ಟೋವು. ಮಿಕ್ಕ ದಿನ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅತ್ತೆ ಅದನ್ನು ಒಗೆಯುವ ಕಲ್ಲಿನ ಪಕ್ಕ ಇಟ್ಟು, ಪಿನ್ನು ಚುಚ್ಚಿ, ಬಟ್ಟಲಿಗೆ ಎಣ್ಣೆ ಬಿಟ್ಟು ಹಚ್ಚಿದರು. ಸೀರೆಗೆ ಗಂಜಿ ಕಾಯಿಸುವ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ ಇಟ್ಟರು. ನಾದಿನಿ ಮತ್ತೆ ಅಂಗಡಿಗೆ ಹೋಗಿ ಕಪ್ಪು ಕವರು ತಂದಳು. ಅವಳೇ ಅದನ್ನು ಪಾತ್ರೆಗೆ ಹಾಕಿದಳು. ಪಂಪು ಒತ್ತುತ್ತಿದ್ದುದು ಅತ್ತೆ. ನೀಲಿ ಉರಿ ಹುಯ್ಯೆಂದು ಎದ್ದಿತು.

"ಎಷ್ಟು ಹೊತ್ತು ಬೇಯಬೇಕು?" ಎಂದು ಅತ್ತೆ ಕೇಳಿದರು.

ನಾವು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐವತ್ತು ವರ್ಷ ಅಡಿಗೆ ಮಾಡಿದವರು, ಸೌಟು ಹಿಡಿದುಕೊಂಡು ಪಾತ್ರೆಯೊಳಗೆ ನೋಡುತ್ತ ನಿಂತಿದ್ದರು. ನೊರೆ ಉಕ್ಕಿ ಬಂತು. ತೊಗರಿಬೇಳೆಯ ನೊರೆ ತೆಗೆಯುವ ಹಾಗೆ ತೆಗೆದು ಚೆಲ್ಲಿದರು. ಅರಿಶಿನ ಹಾಕಲೇ ಎಂದರು. ಬೇಡವೇನೋ ಎಂದೆ. ಬೇಳೆ ಬೆಂದಿತೇ ಎಂದು ನೋಡುವ ಹಾಗೆ ಸೌಟಿನ ಬೆನ್ನಿನಿಂದ ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ನೋಡಿದರು. ಅವರಿಗೆ ಗೊತ್ತಿದ್ದ ಅಳತೆ ಅದೊಂದೇ. ವಾಸನೆ ಹಿತ್ತಿಲು ತುಂಬಿ ಗೋಡೆ ದಾಟಿತು. ಆಚೆ ಬಟ್ಟೆ ತೆಗೆಯುತ್ತಿದ್ದ ನೆರೆಯಾಕೆಯ ಬಳೆಗಳ ಸದ್ದು ನಿಂತಿತು.

"ಏನ್ರೀ ಅದು ವಾಸನೆ? ಎಲ್ಲಿಂದ ಬರ್ತಿದೆ?"

ನಾದಿನಿ ತಲೆ ತಗ್ಗಿಸಿದಳು. ಸ್ಟೋವು ಆರಿಸಲು ನನ್ನ ಕೈ ಮುಂದೆ ಹೋಗಿತ್ತು. ಅತ್ತೆ ಗೋಡೆಯ ಕಡೆ ತಿರುಗದೆ ಹೇಳಿದರು:

"ನಮ್ಮನೇದೇ. ನಾನೇ ಮಾಡ್ತಿದೀನಿ."

ಅತ್ತೆ ಪಂಪು ಒತ್ತಿದರು. ಕುದಿಯುವ ಪಾತ್ರೆಯನ್ನೇ ನೋಡುತ್ತ, ಮಗಳಿಗೆ ಕೇಳಿಸುವಷ್ಟು ದನಿಯಲ್ಲಿ, ತಮಗೆ ಜ್ವರವಿದ್ದಾಗ ಆ ಪ್ರಾಣಿ ಮಧ್ಯಾಹ್ನಗಳಲ್ಲಿ ತಮ್ಮ ಮಂಚಕ್ಕೆ ಬರುತ್ತಿತ್ತು ಎಂದರು. ಜ್ವರಕ್ಕೆ ಮುಂಚಿನಿಂದಲೂ ಬರುತ್ತಿತ್ತು. ಮೊದಮೊದಲು ಓಡಿಸುತ್ತಿದ್ದರು. ಆಮೇಲೆ ಓಡಿಸಲಿಲ್ಲ. ಶಾಲಿನೊಳಗೆ ನುಗ್ಗಿ ಮೊಣಕಾಲಿನ ಹಿಂದೆ ಸುರುಳಿ ಸುತ್ತಿಕೊಂಡು ಮಲಗುತ್ತಿತ್ತು. ನಾವು ಬರುವ ಹೊತ್ತಿಗೆ ತಾನೇ ಎದ್ದು ಹೋಗುತ್ತಿತ್ತು.

ನಾದಿನಿ ಅವರನ್ನು ದಿಟ್ಟಿಸಿದಳು. ಆಮೇಲೆ ಬಹಳ ಮೆಲ್ಲಗೆ, "ಬೇಡಮ್ಮ. ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡ," ಎಂದಳು.

ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಎರಡು ವರ್ಷ ಆ ಪ್ರಾಣಿಯನ್ನು ಕಂಡಾಗಲೆಲ್ಲ ಸೆರಗು ಎಳೆದುಕೊಂಡವರು ಅವರು. ತಾನು ತಂದ ಮಾಂಸದಿಂದ, ತಾನು ಸುರಿದ ಅರೆಬಿಸಿ ನೀರಿನಿಂದ ಅದಕ್ಕೆ ಹೀಗಾಯಿತು ಎಂದು ಅವಳು ತೀರ್ಮಾನಿಸಿಯಾಗಿತ್ತು. ತಾಯಿ ಆ ಭಾರವನ್ನು ತನ್ನ ಮೇಲೆ ಎಳೆದುಕೊಳ್ಳಲು ಕಥೆ ಕಟ್ಟುತ್ತಿದ್ದಾರೆ ಎಂದುಕೊಂಡಳು. ಶಾಲಿನ ಮೇಲೆ ಕೂದಲು ಇದ್ದದ್ದನ್ನು ನಾನು ನೋಡಿದ್ದೇನೆ ಎಂದೆ. ಎಲ್ಲಿ ಶಾಲು ಎಂದು ಕೇಳಿದಳು. ಅತ್ತೆಯ ಜ್ವರ ಬಿಟ್ಟ ದಿನ ಹೊದಿಕೆಗಳನ್ನೆಲ್ಲ ನಾನೇ ಬಿಸಿನೀರಿನಲ್ಲಿ ಒಗೆದು ಒಣಗಿಸಿ ಮಡಿಸಿಟ್ಟಿದ್ದೆ.

"ನೀವೂ ಸೇರ್ಕೊಂಡ್ರಾ ಅತ್ತಿಗೆ?" ಎಂದಳು. ಅದರಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು.

ಸಂಜೆ ಅದು ತಿಳಿಯನ್ನು ಸ್ವಲ್ಪ ಕುಡಿಯಿತು. ನಾದಿನಿ ಹಿಡಿದುಕೊಂಡಳು, ಅತ್ತೆ ಸಿರಿಂಜು ಒತ್ತಿದರು. ನಾಲಗೆ ಒಂದೆರಡು ಸಲ ಹೊರಬಂತು. ಮರುದಿನ ಬೆಳಿಗ್ಗೆ ಇನ್ನೊಂದಿಷ್ಟು ಕುಡಿಯಿತು, ಆದರೆ ಹಿಂಗಾಲುಗಳು ನೆಲ ಹಿಡಿಯಲಿಲ್ಲ. ಅಂಗಡಿಯಲ್ಲಿ ಮದುವೆ ಕಾಲದ ಮಾಲು ಬರುವುದಿತ್ತು. ನಾನು ನೋಡಿಕೊಳ್ಳುತ್ತೇನೆ ಹೋಗು ಎಂದು ಅತ್ತೆ ಮಗಳನ್ನು ಕಳಿಸಿದರು. ನಾನು ಶಾಲೆಯಿಂದ ಬಂದಾಗ ಅವರು ಹಿತ್ತಿಲ ಮೆಟ್ಟಿಲ ಮೇಲೆ ಸೀರೆಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪೆಟ್ಟಿಗೆಗೆ ಕಪ್ಪು ಶಾಲು ಹೊದಿಸಿದ್ದರು. ಸ್ಟೋವಿನ ಮೇಲೆ ಪಾತ್ರೆ ಇತ್ತು, ಅದರಲ್ಲಿ ಮಧ್ಯಾಹ್ನಕ್ಕೆಂದು ಬೇಯಿಸಿದ್ದು ಹಾಗೇ ಇತ್ತು. ಅವಳಿಗೆ ಫೋನ್ ಮಾಡಲೇ ಎಂದು ಕೇಳಿದೆ. ಬೇಡ, ಬಸ್ಸಿನಲ್ಲಿ ಒಬ್ಬಳೇ ಅಳುತ್ತಾ ಬರುತ್ತಾಳೆ, ಬರಲಿ ಆಮೇಲೆ ಹೇಳೋಣ ಎಂದರು.

ವೈದ್ಯರು ಫೋನಿನಲ್ಲಿ ಹೇಳಿದಂತೆ ಸೀಬೆ ಮರದ ಆಚೆ ಆಳವಾಗಿ ತೋಡಿಸಿ, ಬ್ಲೀಚಿಂಗ್ ಪೌಡರು ಹಾಕಿ ಹೂತೆವು. ಶಾಲನ್ನೂ ಜೊತೆಗೇ ಹಾಕಿದೆವು. ಆಮೇಲೆ ನಮ್ಮಲ್ಲಿ ಯಾರಿಗೂ ಜ್ವರ ಬರಲಿಲ್ಲ. ಬೆಂಗಳೂರಿನಲ್ಲಿ ಆ ವರ್ಷ ಕೋಳಿಗಳು ಸತ್ತ ಸುದ್ದಿಯೂ ನಾನು ಓದಿದ ಮಟ್ಟಿಗೆ ಬರಲಿಲ್ಲ. ಹಾಗಾಗಿ ಅದು ಹಕ್ಕಿಜ್ವರವಲ್ಲ ಎಂದು ಹೇಳುವುದು ಸುಲಭ. ಆದರೆ ಯಾರೂ ಪರೀಕ್ಷೆ ಮಾಡಲಿಲ್ಲ. ನನಗೆ ಗೊತ್ತಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಆಮೇಲಿನ ತಿಂಗಳುಗಳಲ್ಲಿ ನಾದಿನಿ ಮುಂಬಾಗಿಲಿನಿಂದ ಬರತೊಡಗಿದಳು. ಅದನ್ನು ನೋಡುವುದು ಕಷ್ಟವಾಗುತ್ತಿತ್ತು. ಮತ್ತೆ ಕರೆದರೆ ಊಟ, ಕೇಳಿದರೆ ಉತ್ತರ. ಒಂದು ಸಲ ಮಾತ್ರ ತಾನಾಗಿ ಹೇಳಿದಳು: ಬೇರೆ ಕಡೆ ಒಂದು ರೂಮು ನೋಡಿಕೊಳ್ಳುತ್ತೇನೆ ಅತ್ತಿಗೆ, ಆ ತಟ್ಟೆಯ ಜಾಗ ನೋಡಿದರೆ ನನ್ನ ಕೈಯಿಂದಲೇ ಕೊಂದೆ ಅನ್ನಿಸುತ್ತದೆ. ನಾನು ಇದನ್ನು ಅತ್ತೆಗೆ ಹೇಳಿದೆ. ಸ್ಟೋವು ಹಿತ್ತಿಲಲ್ಲೇ ಇತ್ತು, ಮಳೆ ಬೀಳದ ಹಾಗೆ ತಗಡಿನ ಕೆಳಗೆ. ಯಾರೂ ಅದನ್ನು ಅಟ್ಟಕ್ಕೆ ಏರಿಸಲಿಲ್ಲ.

ಗೋಕುಲಾಷ್ಟಮಿ ಹತ್ತಿರ ಬಂತು. ಸ್ಟೋವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು ಕೊಡಲೇ ಎಂದು ನಾನು ಕೇಳಿದೆ. ಅತ್ತೆ ಬೇಡವೆಂದರು, ಗ್ಯಾಸಿನ ಮೇಲೇ ಸ್ವಲ್ಪ ಸ್ವಲ್ಪವಾಗಿ ಕರಿಯೋಣ ಎಂದರು. ನಾದಿನಿ ಅಲ್ಲೇ ಇದ್ದಳು.

"ಯಾಕಮ್ಮ, ಮೈಲಿಗೆ ಆಗೋಯ್ತಾ?" ಎಂದಳು.

"ಸ್ಟೋವಿಗೇನೂ ಆಗಿಲ್ಲ ಕಣೆ," ಎಂದರು ಅತ್ತೆ. "ಹದಿನೈದು ದಿನ ಮುಂಚೆ ಹಚ್ಚಬೇಕಿತ್ತು ಅದನ್ನ. ನೋಡಿದ್ರೆ ಅದೇ ನೆನಪಾಗತ್ತೆ."

ನಾದಿನಿ ಹಬ್ಬದ ಧೂಳು ಹೊಡೆಯಲು ಪೊರಕೆ ಹಿಡಿದು ಅತ್ತೆಯ ಕೋಣೆಗೆ ಹೋದಳು. ಮಂಚ ಸರಿಸುವ ಸದ್ದು ಕೇಳಿಸಿತು. ಆಮೇಲೆ ಗುಡಿಸುವ ಸದ್ದು ಬರಲಿಲ್ಲ. ಬಹಳ ಹೊತ್ತು ಬರದೇ ಇದ್ದದ್ದರಿಂದ ನಾನು ಹೋಗಿ ನೋಡಿದೆ.

ಮಂಚದ ತಲೆಯ ಕಡೆ, ಗೋಡೆಗೂ ಕಬ್ಬಿಣದ ಟ್ರಂಕಿಗೂ ನಡುವಿನ ಮೂಲೆಯಲ್ಲಿ, ಒಂದು ಗೂಡು ಇತ್ತು. ನನ್ನ ಕೆಂಪು ಪೆನ್ನುಗಳ ಮುಚ್ಚಳಗಳು. ನಾದಿನಿಯ ಕಾಲುಚೀಲಗಳು, ಎಲ್ಲವೂ ಒಂಟಿ. ಅತ್ತೆಯ ನೆಗಡಿ ಮುಲಾಮಿನ ಡಬ್ಬಿಯ ಮುಚ್ಚಳ. ಸೀರೆ ಅಂಗಡಿಯ ಒಂದು ಬೆಲೆಚೀಟಿ. ಅವುಗಳ ನಡುವೆ ಒಣಗಿ ಕಡ್ಡಿಯಂತಾಗಿದ್ದ ಕೋಳಿಕತ್ತಿನ ಎರಡು ಮೂಳೆಗಳು. ಎಲ್ಲದರ ಮೇಲೂ ಕೆನೆಬಣ್ಣದ ಕೂದಲು ಹತ್ತಿಯ ಹಾಗೆ ಹರಡಿಕೊಂಡಿತ್ತು. ಮಾಂಸ ಹಿತ್ತಿಲ ಬಾಗಿಲು ದಾಟಬಾರದು ಎಂದು ಹೇಳಿದ್ದವರು ಪ್ರತಿದಿನ ತಲೆಯಿಟ್ಟು ಮಲಗುವ ಜಾಗ ಅದು.

ಅತ್ತೆ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಮೂಳೆಗಳನ್ನು ನೋಡಿ ಅವರಿಗೆ ಆಶ್ಚರ್ಯವಾಗಲಿಲ್ಲ. ನಾದಿನಿ ನೆಲದ ಮೇಲೆ ಕುಳಿತೇ ಅವರತ್ತ ತಲೆಯೆತ್ತಿದಳು.

"ಗೊತ್ತಿತ್ತಾ ನಿಂಗೆ?"

"ಹೂಂ. ಗೊತ್ತಿತ್ತು. ಎತ್ತಿ ಹಾಕಕ್ಕೆ ಮನಸ್ಸು ಬರ್ಲಿಲ್ಲ."

"ಹಾಗಾದ್ರೆ ನಿಜವಾಗ್ಲೂ ಇಲ್ಲೇ ಮಲಗ್ತಿತ್ತಾ?"

"ದಿನಾ."

ನಾದಿನಿ ಮುಲಾಮಿನ ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅದರ ಅಂಚಿನಲ್ಲಿ ಹಲ್ಲಿನ ಸಣ್ಣ ಗುರುತುಗಳಿದ್ದವು. ಜ್ವರದ ದಿನಗಳಲ್ಲಿ ಆ ಡಬ್ಬಿ ಅತ್ತೆಯ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ನೋಡುತ್ತ ನೋಡುತ್ತ ಅವಳ ಭುಜಗಳು ಇಳಿದವು, ಏನೋ ಬಿಗಿ ಸಡಿಲಿದ ಹಾಗೆ. ಅದೇ ಹೊತ್ತಿಗೆ ನಾನು ಅತ್ತೆಯ ಮುಖ ನೋಡಿದೆ. ಮಗಳು ಬಿಟ್ಟುಕೊಟ್ಟ ಭಾರ ಎಲ್ಲಿಗೆ ಬಂತು ಎಂದು ಅಲ್ಲಿ ಕಾಣುತ್ತಿತ್ತು. ಬೇಯಿಸಬೇಡ ಎಂದ ಮಾತೂ ಅವರದೇ, ಜ್ವರವೂ ಅವರದೇ. ಕಾರಣ ಯಾವುದಾದರೂ ತಪ್ಪು ಅವರಿಗೇ ಬಂದು ಸೇರುತ್ತಿತ್ತು. ಅದನ್ನು ಅವರು ಸ್ಟೋವು ಹಚ್ಚಿದ ದಿನದಿಂದ ಬೇಡುತ್ತಲೇ ಇದ್ದರು. ಈಗ ಸಿಕ್ಕಿತು.

ಅವರು ಮಂಚದ ತುದಿಯಲ್ಲಿ ಮೆಲ್ಲಗೆ ಕುಳಿತರು. ನಾದಿನಿ ನೆಲದಿಂದ ಏಳಲಿಲ್ಲ. ತಾಯಿಯ ಮೊಣಕಾಲಿಗೆ ಒರಗಿಕೊಂಡು, ಮಧ್ಯಾಹ್ನ ಎಷ್ಟು ಹೊತ್ತಿಗೆ ಬರುತ್ತಿತ್ತು, ಬಂದು ಮೊದಲು ಏನು ಮಾಡುತ್ತಿತ್ತು ಎಂದು ಕೇಳಿದಳು. ಅತ್ತೆ ಹೇಳತೊಡಗಿದರು. ಮೊದಲು ಕಾಲಿನ ಹೆಬ್ಬೆರಳು ಮೂಸುತ್ತಿತ್ತಂತೆ.

ಆ ಮೂಲೆಯನ್ನು ಆ ವರ್ಷ ಗುಡಿಸಲಿಲ್ಲ. ಮಂಚವನ್ನು ಮೊದಲಿದ್ದ ಜಾಗಕ್ಕೇ ಸರಿಸಿ, ಚಕ್ಕುಲಿ ಹಿಟ್ಟು ಕಲಸಲು ಮೂವರೂ ಅಡಿಗೆಮನೆಗೆ ಹೋದೆವು.